ಡಾಕರ್ ತೆಗೆದ ದಿನ

ಹೊಟ್ಟೆನೋವು ಎಂದು ಹೇಳಿ ಈಗಲೇ ಮುದ್ದೇಬಿಹಾಳದ ಬಸ್ಸು ಹತ್ತಿಬಿಡಲೇ? ನಂಬುತ್ತಾರೆಯೇ? ಹೋದ ತಿಂಗಳೂ ಹೊಟ್ಟೆಯನ್ನೇ ಮುಂದೆ ಮಾಡಿದ್ದೆನಲ್ಲ. ಹಾಗಾದರೆ ನಿಜವನ್ನೇ ಹೇಳಲೇ? ಇವತ್ತು ಹೆಂಡತಿಯ ತವರಿನಲ್ಲಿ ನನ್ನ ಮಗಳಿಗೆ ಹೆಸರಿಡುತ್ತಾರೆ, ಸಂಜೆಯೊಳಗೆ ನಾನು ಅಲ್ಲಿರದಿದ್ದರೆ ಅತ್ತೆ ರಹಿಮಾಬಿ ತನ್ನ ತಾಯಿಯ ಹೆಸರು ಮೆಹರುನ್ನಿಸಾ ಎಂದೇ ಇಟ್ಟುಬಿಡುತ್ತಾಳೆ, ನನಗೆ ಆಯೇಶಾ ಬೇಕು, ಎಂದು?

ಆಸಿಫ ಇಷ್ಟು ಯೋಚಿಸುವಷ್ಟರಲ್ಲಿ ಅಧ್ಯಕ್ಷ ಅಮೋಘಸಿದ್ಧ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದರು. ಇಂಡಿ ಪಟ್ಟಣದ ನಿಂಬೆ ಬೆಳೆಗಾರರ ಸಂಘದಲ್ಲಿ ಆಸಿಫನ ಕೆಲಸ ಒಂದೇ. ದಿನಾ ಸಂಜೆ ಲಿಲಾವಿನಲ್ಲಿ ನಿಂಬೆ ಹರಾಜಾದ ದರ ಸದಸ್ಯರ ಮೊಬೈಲಿಗೆ ಹೋಗುವಂತೆ ಕಂಪ್ಯೂಟರು ನೋಡಿಕೊಳ್ಳುವುದು.

"ಆಸಿಫಾ, ನಮ್ಮ ಕಂಪ್ಯೂಟರಿನ್ಯಾಗ ಡಾಕರ್ ಐತೇನು?"

"ಐತ್ರಿ ಸಾಹೇಬ್ರ."

"ತಗದು ಒಗಿ. ನಿನ್ನಿ ಮೋರಟಗಿ ಮದುವ್ಯಾಗ ಬೀಗರ ಅಳಿಯ ಹೇಳಿದ. ಶಾಣ್ಯಾರೆಲ್ಲ ಈಗ ಪಾಡ್‌ಮನ್ ಹಾಕ್ಯಾರಂತ."

"ಇದು ಚಲೋ ನಡದೈತ್ರಿ..."

"ನಡದೈತಿ ಅಂತ ನಾ ಇನ್ನೂ ಹಳೇ ಸೈಕಲ್ ತುಳೀಬೇಕೇನು? ಎರಡಕ್ಕೂ ಫರಕ ಏನು, ನನಗ ತಿಳಿಯುವಂಗ ಹೇಳು."

ಆಸಿಫ ಕಿಟಕಿಯಾಚೆ ಹಮಾಲರು ನಿಂಬೆಯ ಚೀಲ ಹೊರುವುದನ್ನು ನೋಡಿದ. "ಒಂದೊಂದು ಪ್ರೋಗ್ರಾಮು ಒಂದೊಂದು ಬುತ್ತಿ ಡಬ್ಬಿ ಅನ್ಕೋರಿ. ರೊಟ್ಟಿ, ಪಲ್ಲೆ, ಹಿಂಡಿ, ತನಗ ಬೇಕಾದ್ದೆಲ್ಲ ತನ್ನೊಳಗ. ಅದಕ್ಕ ಕಂಟೇನರ್ ಅಂತಾರ. ಈ ಡಬ್ಬಿ ಎತ್ತೂದು ಇಳಿಸೂದು ಡಾಕರ್ ಕೆಲಸ. ಆದ್ರ ಅಲ್ಲಿ ಹಮಾಲರ ಮ್ಯಾಲೆ ಇರೂವಂಗ ಒಬ್ಬ ಮುಕಾದಮ ಯಾವಾಗ್ಲೂ ಕುಂತಿರಬೇಕು. ಪಾಡ್‌ಮನ್‌ಗೆ ಮುಕಾದಮ ಬೇಕಿಲ್ರಿ."

"ಹಂಗಾರ ಮುಕಾದಮನ್ನ ಇವತ್ತಽ ತಗದುಬಿಡು. ಸಂಜೀ ದರ ಹೊಸಾದರಿಂದ ಹೋಗಬೇಕು. ಅಷ್ಟು ಮುಗಿಸಿ ನೀ ಎಲ್ಲಿಗಾರ ಹೋಗು."

ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ ರೇವಪ್ಪನ ಮುಖ ಕಪ್ಪಿಟ್ಟಿತು. ಅವನು ಹಮಾಲರ ಮುಕಾದಮ. ಅಧ್ಯಕ್ಷರು ಅತ್ತ ಹೋದದ್ದೇ ಸ್ಟೂಲು ತಂದು ಆಸಿಫನ ಮಗ್ಗುಲಿಗೆ ಹಾಕಿಕೊಂಡ.

"ಮಾಡು ತಮ್ಮಾ, ಮಾಡು. ನನ್ನ ಹೆಂಗ ತಗೀತಿ ನಾನೂ ನೋಡ್ತೇನಿ."

"ಕಾಕಾ, ನಿಮ್ಮ ಸುದ್ದಿ ಅಲ್ರಿ. ಇವ ಕಂಪ್ಯೂಟರ್ ಒಳಗಿನ ಮುಕಾದಮ."

"ಇವತ್ತ ಒಳಗಿನವ. ನಾಳಿ ಹೊರಗಿನವ."

ಆಸಿಫ ಮೊದಲು ಮಾಹಿತಿಯನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡ. ಪಾಡ್‌ಮನ್ ಹಾಕಲು ಹೋದರೆ ಅದು ಯಂತ್ರದಲ್ಲಿ ಮೊದಲೇ ಇತ್ತು. ಯಂತ್ರ ನಡೆಸುವ ಲಿನಕ್ಸ್ ಜೊತೆಗೇ ಬಂದಿರಬೇಕು ಎಂದುಕೊಂಡು, ಡಾಕರಿನಲ್ಲಿದ್ದಂತೆಯೇ 'ದರ' ಎಂಬ ಹೆಸರಿನ ಡಬ್ಬಿ ಕಟ್ಟಲು ಹೇಳಿದ. ಪಾಡ್‌ಮನ್ ಒಪ್ಪಲಿಲ್ಲ. ಆ ಹೆಸರಿನದು ತನ್ನ ಹತ್ತಿರ ಒಂದಿದೆ ಎಂದಿತು. ಈಗಷ್ಟೇ ಕೆಲಸಕ್ಕೆ ಕರೆದವನಿಗೆ ಹಳಬನ ಡಬ್ಬಿಯ ಹೆಸರು ಹೇಗೆ ಗೊತ್ತು? ಆಸಿಫನಿಗೆ ಅನುಮಾನ ಬಂತು. ಅಷ್ಟರಲ್ಲಿ ಹೆಂಡತಿ ಶಬಾನಾಳ ಫೋನು ಬಂತು, ಅನುಮಾನ ಹೋಯಿತು.

"ಬಸ್ ಹತ್ತಿದ್ರೇನು?"

"ಹತ್ತೂದರಾಗ ಅದೇನಿ."

"ಅಮ್ಮ ತೊಟ್ಟಲಕ್ಕ ಹೂವು ಕಟ್ಟಾಕತ್ತಾಳ. ಬಾಯಾಗ ಒಂದಽ ಹೆಸರು. ಲಗೂ ಬರ್ರಿ."

ಅವನು ಡಬ್ಬಿಗೆ 'ಹೊಸದರ' ಎಂದು ಹೆಸರಿಟ್ಟ. ಪಾಡ್‌ಮನ್ ತಕರಾರಿಲ್ಲದೆ ಎತ್ತಿ ನಿಲ್ಲಿಸಿತು. ಹಳೆಯದನ್ನೆಲ್ಲ ಅಳಿಸು ಎಂದು ಡಾಕರಿಗೆ ಕೊನೆಯ ಅಪ್ಪಣೆ ಕೊಟ್ಟು, ಚೀಲ ಹೆಗಲಿಗೇರಿಸಿ ಎದ್ದ. ಹೋಗುವ ಮುಂಚೆ ಒಮ್ಮೆ ನೋಡಿದರೆ ಹಳೆಯದರ ಜೊತೆ ಹೊಸದೂ ಮಾಯ. ಲಿಲಾವು ಮುಗಿದ ಅಂಗಳದ ಹಾಗೆ ಪರದೆ ಖಾಲಿ.

"ನೋಡಿದೇನು?" ಎಂದ ರೇವಪ್ಪ, ಮೊದಲ ಸಲ ಹಸನ್ಮುಖನಾಗಿ. "ಮುಕಾದಮನ್ನ ತಗದ್ರ ಹಮಾಲರೂ ಅವನ ಹಿಂದಽ ಹೋಗ್ತಾರ. ಮಂದಿಗೆ ನಿಯತ್ತು ಅಂತ ಒಂದು ಇರತೈತಿ."

ಚೀಲ ಇಳಿಸಿ ಆಸಿಫ ಹೊಸ ಡಬ್ಬಿಯನ್ನು ಮತ್ತೆ ಕಟ್ಟಿದ, ಈ ಸಲ 'ದರ' ಎಂದೇ ಹೆಸರಿಟ್ಟು. ಹಳೆಯದರ ಚೂರೇನಾದರೂ ಉಳಿದಿದೆಯೇ ಎಂದು ಡಾಕರನ್ನು ಕೇಳಿದರೆ, ಇದೆ ಎಂದು ಅದು 'ದರ' ಡಬ್ಬಿ ತೋರಿಸಿತು. ಅಳಿಸಿದ್ದು ಮತ್ತೆ ಎದ್ದು ಕೂತಿದೆಯಲ್ಲ ಎಂದು ಸಿಟ್ಟಿನಿಂದ ಪುನಃ ಅಳಿಸಿದ. ಹೊಸದು ಪುನಃ ಹೋಯಿತು. ಹೊರಗೆ ಮುದ್ದೇಬಿಹಾಳದ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು.

ಕೊನೆಗೆ ಡಾಕರನ್ನೇ ಬೇರುಸಹಿತ ಕೀಳಬೇಕೆಂದು ಹುಡುಕಿದ. ಇರಲಿಲ್ಲ. ಡಾಕರ್ ಎಂಬ ಹೆಸರಿನ ಚಿಕ್ಕ ಫೈಲೊಂದಿತ್ತು. ತೆರೆದು ಓದಿದ. ತನಗೆ ಏನೇ ಹೇಳಿದರೂ ಅದನ್ನು ಪಾಡ್‌ಮನ್‌ಗೆ ದಾಟಿಸುವುದು, ಅದರ ಕೆಲಸ ಅಷ್ಟೇ.

ಅನಿಲಕುಮಾರನಿಗೆ ಫೋನು ಮಾಡಿದ. ಸಂಘಕ್ಕೆ ಯಂತ್ರ ಕೂಡಿಸಿಕೊಟ್ಟು ಹೋದವನು ಅವನು. ಈಗ ಆಲಮಟ್ಟಿಯಲ್ಲಿದ್ದ.

"ಅನಿಲಾ, ಇಲ್ಲಿ ಡಾಕರ್ ಎಲ್ಲಿ ಐತೋ?"

ಅನಿಲಕುಮಾರ ನಕ್ಕ.

"ಇಲ್ಲೋ ಮಾರಾಯಾ. ನಾ ಮೊದಲಿಂದ ಹಾಕಿದ್ದು ಪಾಡ್‌ಮನ್ನಽ. ಸಾಹೇಬ್ರು ಎಲ್ಲೋ ಕೇಳಿ ಬಂದು, ಡಾಕರಽ ಬೇಕು ಅಂತ ಹಟ ಹಿಡದ್ರು. ಡಾಕರ್ ಅಂತ ಕರದ್ರ ಪಾಡ್‌ಮನ್ ಓಗೊಡೂವಂಗ ಮಾಡಿಟ್ಟು, ಬದಲಿ ಮಾಡೇನ್ರಿ ಅಂದೆ. ಭಾಳ ಚುರುಕಾತು ಅಂತ ಶಾಲು ಹೊಚ್ಚಿದ್ರು."

"ಯಂತ್ರಾನಾದ್ರೂ ಹೇಳಬೇಕಿತ್ತಲ್ಲ?"

"ನಾ ಡಾಕರ್ ಅಲ್ಲ, ಪಾಡ್‌ಮನ್ ಅಂತ ಒಂದು ಸಾಲು ಹೇಳ್ತಿತ್ತು. ಅದರ ಬಾಯೀನೂ ಮುಚ್ಚಿಸಿದೆ."

"ನನಗಾರ ಹೇಳಬಾರದೇನು?"

"ನೀ ಕೇಳಲಿಲ್ಲ."

ಆಸಿಫ ಎಲ್ಲವನ್ನೂ ಬೆಳಿಗ್ಗೆ ಇದ್ದಂತೆಯೇ ಕಟ್ಟಿ ನಿಲ್ಲಿಸಿದ. ಸಂಜೆ ದರ ಹೋಯಿತು. ಅಂಗಳದಲ್ಲಿ ಮೊಬೈಲುಗಳು ಸದ್ದು ಮಾಡಿದವು.

"ಹೋದನೇನು ನಿನ್ನ ಮುಕಾದಮ?" ರೇವಪ್ಪ ಕೇಳಿದ.

"ಹೋದ ಕಾಕಾ."

"ಪಾಪ. ಹೋಗೂಮುಂದ ಏನಾರ ಅಂದನೇನು?"

"ಏನೂ ಅನ್ನಲಿಲ್ರಿ."

ಶಬಾನಾ ಮತ್ತೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಕೂಸು ಅಳುತ್ತಿತ್ತು.

"ಮೆಹರುನ್ನಿಸಾ ಅಂತ ಇಟ್ಟುಬಿಟ್ಳ್ರಿ ಅಮ್ಮ. ಹೋಗ್ಲಿ ಬಿಡ್ರಿ, ಕೂಸು ಅದಽ ಐತಿ. ನಮ್ಮ ಮನ್ಯಾಗ ನೀವು ಆಯೇಶಾ ಅಂತ ಕರೀರಿ, ಓಗೊಡ್ತಾಳ. ಅಮ್ಮಗ ಮಾತ್ರ ಹೇಳಬ್ಯಾಡ್ರಿ."

ಫೋನು ಇಡುವಷ್ಟರಲ್ಲಿ ಅಧ್ಯಕ್ಷರು ಬಾಗಿಲಲ್ಲಿದ್ದರು, ಮೊಬೈಲು ಮೇಲೆತ್ತಿ ಹಿಡಿದು. "ನೋಡಿದೇನಪಾ! ಬಟನ್ ಒತ್ತೂದರಾಗ ದರ ಬಂತು. ನಿನ್ನಿ ಇತ್ತೇನು ಈ ಚುರುಕು? ಶಾಖಾದಾಗೂ ಇದನ್ನಽ ಮಾಡೂಣು. ನಾಳಿ ಸಿಂದಗಿಗೆ ಹೋಗು, ನಾಡದು ಬಾಗೇವಾಡಿಗೆ. ಕಡೀಕ ಮುದ್ದೇಬಿಹಾಳ, ನಿನ್ನ ಕೂಸು ನೋಡಿದಂಗೂ ಆತು. ಇವತ್ತಿನಂಗಽ ಇಡೀ ದಿನ ಕುಂತು ಸಾವಕಾಶ ಮಾಡು."

"ಹೂಂ ರಿ," ಎಂದ ಆಸಿಫ.

ಆ ಮೂರು ಊರಿನ ಯಂತ್ರಗಳನ್ನೂ ಕೂಡಿಸಿಕೊಟ್ಟವನು ಅನಿಲಕುಮಾರನೇ ಎಂದು ಅವನು ಹೇಳಲಿಲ್ಲ.