ಬಾಲರಾಜು ಜೀನ್ಸ್ ಡಾಟ್ ಇನ್

ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಮನೆಗಳು ಬೀದಿಗೆ ಹತ್ತಾರಿವೆ. ಆದರೆ ಸ್ವಂತ ವೆಬ್‌ಸೈಟ್ ಇಟ್ಟ ಪುಣ್ಯಾತ್ಮ ನಾನೊಬ್ಬನೇ ಆಗಬೇಕೆಂದು ಶಪಥ ಮಾಡಿದೆ! ಅದೂ ಬಾಡಿಗೆ ಜಾಗದಲ್ಲಲ್ಲ. ನಮ್ಮ ಪ್ಯಾಂಟುಗಳನ್ನು ಗುರುತು ಪರಿಚಯವಿಲ್ಲದವರ ಕಂಪ್ಯೂಟರಿನಲ್ಲಿ ನೇತುಹಾಕಲು ನನಗೇನು ಹುಚ್ಚೇ? ಮನೆಯ ಹಳೇ ಕಂಪ್ಯೂಟರನ್ನು ಬೀರುವಿನ ಮೇಲೆ ಪ್ರತಿಷ್ಠಾಪಿಸಿದೆ. ‘ಬಾಲರಾಜು ಜೀನ್ಸ್ ಡಾಟ್ ಇನ್’ ಎಂಬ ಹೆಸರು ಕೊಂಡು, ಆ ಹೆಸರಿಗೂ ಈ ಕಂಪ್ಯೂಟರಿನ ನಂಬರಿಗೂ ಗಂಟು ಹಾಕಿದೆ. ಫೋನಿನಲ್ಲಿ ಹೆಸರು ಹೊಡೆದರೆ, ಆಹಾ, ಸಾಲುಸಾಲು ಪ್ಯಾಂಟು!

"ನೋಡು ದುರ್ಗಾ, ಇನ್ನ ಅಮೆರಿಕಾದೋನೂ ನಮ್ಮ ಪ್ಯಾಂಟು ನೋಡ್ತಾನ."

"ಮೊದ್ಲ ಬಳ್ಳಾರಿಯೋರು ನೋಡ್ಲಿ ತಗೋರಿ," ಎಂದಳು ಹೆಂಡತಿ.

ಬಳ್ಳಾರಿಯ ವ್ಯಾಪಾರಿ ಗಂಗಣ್ಣನಿಗೆ ಫೋನ್ ಮಾಡಿದೆ. "ಏನೂ ಬರವಲ್ದಲ್ರಿ," ಎಂದ. ಸುಳ್ಳು! ರೇಟು ಇಳಿಸಲು ಆಟ! ಗುಮ್ಮಘಟ್ಟದ ಭಾವಮೈದನೂ ಬರುತ್ತಿಲ್ಲ ಎಂದ. ಹೊಟ್ಟೆಕಿಚ್ಚು! ನನ್ನ ಮನೆಯಲ್ಲಿ ಗರಿಗರಿಯಾಗಿ ತೆರೆಯುವುದು ಇವರಿಗೆ ಮಾತ್ರ ಯಾಕೆ ತೆರೆಯದು? ಯಾರೋ ಅಡ್ಡಗಾಲು ಹಾಕಿದ್ದಾರೆ. ಯಾರು? ಮತ್ಯಾರು, ಹಿಂದಿನ ಬೀದಿಯಲ್ಲಿ ನನ್ನ ಹಾಗೆಯೇ ಜೀನ್ಸ್ ಹೊಲಿಸುವ ಲಕ್ಷ್ಮೀನರಸಪ್ಪ! ಮೊನ್ನೆ ಮೊನ್ನೆ ಮಷಿನ್ನುಗಳ ಮೇಲೆ ಕ್ಯಾಮೆರಾ ಬೇರೆ ಹಾಕಿಸಿದ್ದ. ಅಂಥವನು ಏನು ಮಾಡಲೂ ಹೇಸುವವನಲ್ಲ.

ಹಲ್ಲು ಕಡಿಯುತ್ತಾ ಹೊರಟಿದ್ದೆ, ಅವನೇ ಬನಿಯನ್ನಿನಲ್ಲಿ ನುಗ್ಗಿ ಬಂದ. ಸಿಟ್ಟು ಬಂದರೆ ಅವನ ಬಾಯಿಗೆ ಮೊದಲು ಬರುವುದು ತೆಲುಗು.

"ಏಮಯ್ಯಾ ಬಾಲರಾಜು! ನಮ್ಮನ್ಯಾಗ ಕಳ್ಳಗಣ್ಣು ಇಟ್ಟೀಯೇನು?"

"ನಾನಾ?"

"ನಿನ್ನ ವೆಬ್‌ಸೈಟ್ ತೆರೆದ್ರ ನಮ್ಮ ಮಷಿನ್ನು ಕಾಣ್ತಾವ! ನಾನು ಬನಿಯನ್‌ದಾಗ ಕುಂತು ಮಂಡಕ್ಕಿ ತಿನ್ನೋದು ಕಾಣ್ತೈತಿ! ಜಗತ್ತೆಲ್ಲ ನೋಡಾಕತ್ತೈತೇನು?"

"ಓಹೋ! ನನ್ನ ಹೆಸರಿನಾಗ ನಿನ್ನ ಮಷಿನ್ನು ತೂರಿಸಿ, ನನಗ ಕಳ್ಳ ಅಂತೀಯಾ?"

"ಪೊಲೀಸರನ್ನ ಕರೀತೀನಿ!"

"ಕರಿ! ನಾನೂ ಅವರ್ನೇ ಕರೆಯೋನಿದ್ದೆ!"

ದುರ್ಗಾ ಸೌಟು ಹಿಡಿದೇ ನಡುವೆ ಬಂದಳು. "ಇಬ್ರೂ ಬಾಯಿ ಮುಚ್ಚ್ರಿ. ಮೊದ್ಲ ಈ ಅಣ್ಣಾರ ಮನಿಗೆ ಹೋಗಿ ನೋಡೋಣ, ನಡೀರಿ."

ಹೋದೆವು. ಅವನ ಮನೆಯ ವೈಫೈಗೆ ಫೋನ್ ಸೇರಿಸಿ ನನ್ನ ಹೆಸರು ಹೊಡೆದರೆ, ನಿಜ, ಅವನ ಮಷಿನ್ನು, ಅವನ ಕುರ್ಚಿ, ಅರ್ಧ ತಿಂದ ಮಂಡಕ್ಕಿ! ನಮ್ಮ ಮನೆಗೆ ಎಳೆದುಕೊಂಡು ಬಂದು ಅವನ ಫೋನನ್ನು ನಮ್ಮ ವೈಫೈಗೆ ಸೇರಿಸಿ ಅದೇ ಹೆಸರು ಹೊಡೆಸಿದರೆ, ನನ್ನ ಪ್ಯಾಂಟು! ನಾವಿಬ್ಬರೂ ಒಬ್ಬರನ್ನೊಬ್ಬರು ಮಾಟಗಾರರನ್ನು ನೋಡುವಂತೆ ನೋಡಿದೆವು.

ಕಡೆಗೆ ಹೆಸರು ಮಾರಿದ ಕಂಪನಿಗೇ ಫೋನ್ ಹಚ್ಚಿ, ಸ್ಪೀಕರ್ ಇಟ್ಟು, ಪ್ಯಾಂಟು-ಕ್ಯಾಮೆರಾದ ಕಥೆಯೆಲ್ಲ ಹೇಳಿದೆ. ಸಾಕ್ಷಿಗೆ ಇಬ್ಬರಿದ್ದಾರಲ್ಲ, ಅವರ ಮೋಸ ಅವರ ಬಾಯಲ್ಲೇ ಹೊರಬೀಳಲಿ!

"ಯಾವ ನಂಬರ್ ಕೊಟ್ಟಿದ್ದೀರಾ ಸರ್?" ಎಂದಳು ಹುಡುಗಿ.

ಎದೆಯುಬ್ಬಿಸಿ ಓದಿದೆ, "ಒನ್ ನೈನ್ ಟೂ, ಒನ್ ಸಿಕ್ಸ್ ಎಯ್ಟ್..."

ಆ ಕಡೆ ಕೆಮ್ಮು. ಕೆಮ್ಮಲ್ಲ, ನಗು! "ಸರ್, ಅದು ಮನೆ ಒಳಗಿನ ನಂಬರ್. ಅಂಥದ್ದು ಎಲ್ಲರ ಮನೇಲೂ ಇರುತ್ತೆ. ನಿಮ್ಮಲ್ಲಿ ಅದು ಕಂಪ್ಯೂಟರ್‌ದು, ಅವರಲ್ಲಿ ಕ್ಯಾಮೆರಾದ್ದು. ಕೆಲವರಿಗೆ ಏನೂ ಸಿಗಲ್ಲ. ಹೊರಗಿನವರು ನಿಮ್ಮ ಮನೆಗೆ ಬರಬೇಕಂದ್ರೆ ಹೊರಗಿನ ನಂಬರ್ ಕೊಡಬೇಕು ಸರ್."

ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾಗದಿದ್ದಾಗ ನಾನು ಮಾಡುವುದು ಅದನ್ನೇ.

"ಏನಂತ ತಂಗೆಮ್ಮ?" ಎಂದು ಲಕ್ಷ್ಮೀನರಸಪ್ಪ ದುರ್ಗಾಳನ್ನೇ ಕೇಳಿದ.

"ಏನಿಲ್ಲ ಅಣ್ಣಾ. ನಮ್ಮೋರು ಲೋಕಕ್ಕೆಲ್ಲ ಊಟಕ್ಕ ಬರ್ರಿ ಅಂತ ಕರೆದಾರ. ಎಲ್ಲಿಗೆ ಅಂದ್ರ, ‘ಅಡಿಗಿಮನಿಗೆ’ ಅಂತ ಅಷ್ಟ ಹೇಳ್ಯಾರ. ಪಾಪ, ಎಲ್ರೂ ಅವರವರ ಅಡಿಗಿಮನಿಗೆ ಹೋಗಿ ಕುಂತಾರ!"