ಕಣದ ನಡುವಿನ ಗೂಟ

ಕಣ ಸಾರಿಸಲು ಬೆಳಿಗ್ಗೆ ಸಗಣಿಯ ಬುಟ್ಟಿ ಹೊತ್ತು ಹೋದ ಶಟ್ಟೆಪ್ಪನಿಗೆ ಕಣದ ನಟ್ಟನಡುವೆ ಒಂದು ಕಬ್ಬಿಣದ ಗೂಟ ಕಂಡಿತು. ನಿನ್ನೆ ಮಧ್ಯಾಹ್ನ ಅದು ಇರಲಿಲ್ಲ. ಅಷ್ಟು ದಪ್ಪನೆಯ ಕಬ್ಬಿಣ ಊರಿನ ಯಾವ ರೈತನ ಮನೆಯಲ್ಲೂ ಇರಲಿಲ್ಲ. ಇದು ಸರಕಾರದ್ದೇ ಎಂದು ಅವನು ಬುಟ್ಟಿ ಕೆಳಗಿಟ್ಟ.

ಪ್ಲೇಗು ಮೂರು ಸಲ ಬಂದು ಹೋದ ಮೇಲೆ ಸರಕಾರಕ್ಕೆ ಈ ಊರು ಇಕ್ಕಟ್ಟಾಗಿದೆ ಎಂಬ ಜ್ಞಾನೋದಯವಾಗಿತ್ತು. ಅರ್ಧ ಜನ ಸತ್ತ ಮೇಲೆ ಊರು ಇಕ್ಕಟ್ಟಾಗುವುದು ಹೇಗೆಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಊರಬಾಗಿಲು ಅಗಸಿಯ ಹೊರಗೆ ಹೊಸ ಓಣಿಗಳನ್ನು ಹಾಕಿ, ನೇಸರಗಿಗೆ ಬಂಡಿಯ ರಸ್ತೆ ಬಿಡಬೇಕೆಂದು ಜಮೀನು ಅಳೆಯುವ ಮೋಜಣಿಯ ರಾವಸಾಹೇಬರು ನಿನ್ನೆ ಸಂಜೆ ಕುದುರೆ ಏರಿ ಬಂದು, ಗೌಡರ ಮನೆಯ ಹೋಳಿಗೆ ಉಂಡು ಮಲಗಿದ್ದರು. ಯಾರ ಹೊಲ ಓಣಿಯಾಗುತ್ತದೆ, ಯಾರ ತಿಪ್ಪೆ ರಸ್ತೆಯಾಗುತ್ತದೆ ಎಂಬುದು ಅವರ ನಕಾಶೆಗೆ ಮಾತ್ರ ಗೊತ್ತಿತ್ತು.

ಶಟ್ಟೆಪ್ಪನಿಗೆ ಅಗಸಿಯ ಹೊರಗಿದ್ದದ್ದು ಈ ಕಣವೊಂದೇ. ಅಜ್ಜ ತುಳಿದು, ಅಪ್ಪ ಬಡಿದು ಗಟ್ಟಿ ಮಾಡಿದ ನೆಲ. ಪಕ್ಕದಲ್ಲಿ ಜೋಳದ ಬಣಿವೆ ಕಾಯುತ್ತಿತ್ತು, ನಾಳೆಯೇ ರಾಶಿ. ಕಣ ಹೋದರೆ ವರ್ಷದ ಅನ್ನವನ್ನು ಮನೆಯ ಮಾಳಿಗೆಯ ಮೇಲೆ ತುಳಿಸಬೇಕಾಗಿತ್ತು.

ಅವನು ಗೂಟಕ್ಕೆ ಕೈ ಹಾಕುವಷ್ಟರಲ್ಲಿ ನಿಜಗುಣಪ್ಪ ಪ್ರತ್ಯಕ್ಷನಾದ. ಈತ ಸವದತ್ತಿಯ ಕಚೇರಿಯ ಕಟ್ಟೆಯ ಮೇಲೆ ಎರಡು ದಿನ ಕುಳಿತು ಬಂದು, ಕಾಯದೆ ಬಲ್ಲವನೆಂದು ಊರಲ್ಲಿ ಹೆಸರಾಗಿದ್ದ. ಕೇಳದೆ ಬುದ್ಧಿ ಹೇಳುವುದು ಅವನ ಹುಟ್ಟುಗುಣ.

"ಮುಟ್ಟಬ್ಯಾಡೋ ಮಾರಾಯ. ಸರಕಾರಿ ಗೂಟ ಕಿತ್ತಾಂವ ಸೀದಾ ಹಿಂಡಲಗಿ ಜೇಲಿಗಿ ಹೊಕ್ಕಾನ. ರಸ್ತಾ ನಿನ್ನ ಕಣದ ಮ್ಯಾಲೆ ಬಂತು ಅಂತ ತಿಳಕೋ. ಒಂದ ಹಾದಿ ಐತಿ. ದೇವರು ಅಡ್ಡ ಕುಂತ್ರ ರಸ್ತಾ ಬಾಗತೈತಿ. ಬೈಲಹೊಂಗಲದಾಗ ನಾನಽ ಕಣ್ಣಾರೆ ನೋಡೇನಿ."

ದೇವರಾಗಲು ಕಲ್ಲು ಬೇಕು. ಎರೆಭೂಮಿಯಲ್ಲಿ ಹತ್ತಿ ಸಿಗುತ್ತದೆ, ಕೆಸರು ಸಿಗುತ್ತದೆ, ನಾಯಿಗೆ ಎಸೆಯಲೂ ಕಲ್ಲು ಸಿಗುವುದಿಲ್ಲ. ಶಟ್ಟೆಪ್ಪ ಮನೆಗೆ ಓಡಿ ಒರಳಿನ ಗುಂಡುಕಲ್ಲಿಗೆ ಕೈ ಹಾಕಿದ. ಖಾರ ಅರೆಯುತ್ತಿದ್ದ ಹೆಂಡತಿ ಬಾಯವ್ವ, ಕಲ್ಲು ಒಯ್ದರೆ ನಾಳೆಯಿಂದ ಬರೀ ರೊಟ್ಟಿ ಕಡಿಯಬೇಕಾದೀತು ಎಂದಳು. ಹೆಂಡತಿಗಿಂತ ಸರಕಾರವೇ ಮೆತ್ತಗೆ ಎಂದುಕೊಂಡು ಅವನು ತಿರುಗಿ ಬಂದ.

ಆಗ ಅವನ ಕಣ್ಣಿಗೆ ಬಿದ್ದದ್ದು ಬಾಂದಗಲ್ಲು. ತನ್ನ ಕಣಕ್ಕೂ ಪಕ್ಕದ ದುಂಡಪ್ಪನ ಹೊಲಕ್ಕೂ ನಡುವೆ ಗಡಿ ತೋರಿಸಲು ನೆಟ್ಟ, ಮೊಳಕಾಲೆತ್ತರದ ಕರಿಕಲ್ಲು. ದುಂಡಪ್ಪ ಬಂಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದ, ಬರುವುದು ನಾಳೆ. ರಾವಸಾಹೇಬರು ಇಂದೇ ಹೊರಡುವವರು. ಸಂಜೆಗೆ ಮತ್ತೆ ಹುಗಿದರಾಯಿತು. ಅವನೂ ನಿಜಗುಣಪ್ಪನೂ ಕಲ್ಲನ್ನು ಕಿತ್ತು ತಂದು ಗೂಟದ ಪಕ್ಕ ನಿಲ್ಲಿಸಿ, ಭಂಡಾರದ ಅರಿಸಿನ ಮೆತ್ತಿ ಕಾಯಿ ಒಡೆದರು.

ದೇವರಿಗೆ ಬೇರು ಬಿಡಲು ಒಂದು ತಾಸು ಸಾಕಾಯಿತು. ಮೊದಲು ಮುದುಕಿ ರಾಚವ್ವ ಬಂದು, ತಾನು ಮದುವೆಯಾಗಿ ಈ ಊರಿಗೆ ಬಂದಾಗ ಈ ತಾಯಿ ಇಲ್ಲೇ ಇದ್ದಳು ಎಂದಳು. ಹಾಗಾದರೆ ನಡುವೆ ಐವತ್ತು ವರ್ಷ ಎಲ್ಲಿಗೆ ಹೋಗಿದ್ದಳು ಎಂದು ಯಾರೂ ಕೇಳಲಿಲ್ಲ. ಊರಿನ ತಾಯವ್ವನೆಂಬವಳ ಮೈಮೇಲೆ ದೇವಿ ಬಂದು, ಬಿಸಿಲು ತಾಳೆ, ನೆರಳು ಮಾಡಿಸು ಎಂದು ಶಟ್ಟೆಪ್ಪನ ಹೆಸರು ಹಿಡಿದೇ ಕೂಗಿದಳು. ನೆರಳಿಗೆಂದು ನಾಲ್ವರು ಅವನದೇ ಬಣಿವೆಯಿಂದ ಜೋಳದ ದಂಟಿನ ಸಿವುಡು ಎಳೆದರು. ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರಿಗಳಾದರೂ ಮುಂದಿನ ಕುರಿ ಬಾವಿಗೆ ಬಿದ್ದ ಮೇಲೆ ಬೀಳುತ್ತವೆ. ನಮ್ಮ ಜನ ಬಾವಿ ತೋಡುವವರೆಗೂ ಕಾಯುವುದಿಲ್ಲ.

ಗದ್ದಲ ಕೇಳಿ ಗೌಡರೊಂದಿಗೆ ರಾವಸಾಹೇಬರು ಬಂದರು. ನಕಾಶೆ ಬಿಚ್ಚಿದರು, ಮುಚ್ಚಿದರು. ಇಷ್ಟು ಪುರಾತನ ಸ್ಥಾನ ನಕಾಶೆಯಲ್ಲಿ ಬಿಟ್ಟುಹೋಗಿದೆ ಎಂದು ಗುಮಾಸ್ತನನ್ನು ಬೈದರು. ಶಟ್ಟೆಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಅಗಸಿಯ ಮುಂದೆ ಬಂಡಿ ನಿಂತಿತು. ದುಂಡಪ್ಪ ಒಂದು ದಿನ ಮೊದಲೇ ಬಂದಿದ್ದ. ಜನರನ್ನು ಸರಿಸಿಕೊಂಡು ಬಂದು ದೇವಿಗೆ ಕೈ ಮುಗಿದ. ಮುಗಿದ ಕೈ ಹಾಗೇ ನಿಂತಿತು. ಬಗ್ಗಿ ಭಂಡಾರ ಕೆರೆದ.

"ಇದು ನಮ್ಮ ಬಾಂದಗಲ್ರೀ ಸಾಹೇಬ್ರ. ನನ್ನ ಬಂಡಿ ಬಡದು ಮೂಲಿ ಹಾರಿದ ಗುರ್ತ ಇಲ್ಲೇ ಐತಿ ನೋಡ್ರಿ. ಆಗಲಿ, ಕಲ್ಲು ಇಲ್ಲಿ ಬಂದೈತಿ ಅಂದ್ರ ನನ್ನ ಹೊಲಾನೂ ಇಲ್ಲೀತನಕ ಬಂತು. ಅರ್ಧಾ ಕಣ ನಂದು."

ರಾವಸಾಹೇಬರು ಮೂಗಿನ ಮೇಲಿನ ಚಾಳೀಸು ತೆಗೆದು ಶಟ್ಟೆಪ್ಪನ ಕಡೆ ನೋಡಿದರು.

"ಸರಿಯಾಗಿ ವಿಚಾರ ಮಾಡಿ ಹೇಳೋ. ಇದು ಗಡಿಕಲ್ಲಾದ್ರ ಕಿತ್ತಾವಗ ಜೇಲು, ಮ್ಯಾಲೆ ಇವನ ತಕರಾರು. ದೇವರಾದ್ರ ಈ ಕಣ ದೇವರದು, ಊರಿಂದು. ಯಾವುದು?"

ಶಟ್ಟೆಪ್ಪ ಸಹಾಯಕ್ಕಾಗಿ ನಿಜಗುಣಪ್ಪನನ್ನು ಹುಡುಕಿದ. ಕಾಯದೆ ಬಲ್ಲ ನಿಜಗುಣಪ್ಪ ಆಗಲೇ ಹಳ್ಳ ದಾಟಿದ್ದ. ಶಟ್ಟೆಪ್ಪ ಅಪ್ಪ ಬಡಿದ ನೆಲದ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಕಣ್ಣಲ್ಲಿ ಬಂದದ್ದು ಭಕ್ತಿಯ ನೀರೆಂದು ಊರವರು ತಿಳಿದರು.

"ದೇವರ್ರೀ," ಎಂದ.

ರಾವಸಾಹೇಬರು ನಕಾಶೆಯಲ್ಲಿ ಕಣದ ಸುತ್ತ ಕೆಂಪು ಗೆರೆ ಎಳೆದರು. ಹಳ್ಳದ ಆಚೆ ಸರಕಾರಿ ಬರಡು ನೆಲದಲ್ಲಿ ಹೋಗಬೇಕಿದ್ದ ರಸ್ತೆಯನ್ನೂ, ಭಕ್ತರಿಗೆ ಅನುಕೂಲವಾಗಲೆಂದು, ಇತ್ತ ಬಾಗಿಸಿದರು.

ಶಟ್ಟೆಪ್ಪ ಎದ್ದು ಕುಳಿತ. ರಸ್ತೆ ಹಳ್ಳದ ಆಚೆ ಇದ್ದರೆ ಈ ಗೂಟ ಯಾತಕ್ಕೆ ಎಂದು ಕೇಳಿದ.

ರಾವಸಾಹೇಬರಿಗೆ ಯಾವ ಗೂಟವೂ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದ ಅವರ ಕುದುರೆಯಾಳು ನಾಚುತ್ತ ಮುಂದೆ ಬಂದ.

"ನಂದ್ರೀ ಯಜಮಾನ್ರ. ಗೌಡರ ಹಿತ್ತಲದಾಗ ಕುದುರಿ ಒದ್ಯಾಕ ಹತ್ತಿತ್ತು. ನಿನ್ನೆ ರಾತ್ರಿ ಇಲ್ಲಿ ಕಟ್ಟಿದ್ದೆ. ಮುಂಜಾನೆ ಕಿತ್ತಕೊಂಡು ಹೋಗೂದು ಮರತೆ. ದೇವರ ಜಾಗಾ ಅಂತ ಗೊತ್ತಿರಲಿಲ್ರೀ, ತಪ್ಪಾತು."

ಕೆನ್ನೆ ಬಡಿದುಕೊಂಡು, ದೇವಿಗೆ ಕೈ ಮುಗಿದು, ಒಂದೇ ಕೈಯಲ್ಲಿ ಗೂಟವನ್ನು ಕಿತ್ತುಕೊಂಡು ಹೋದ.