ಮುಧೋಳ ದಾಟಿಹೋದ ಸೀರೆ

ಇನ್ನೊಬ್ಬರ ಮೊಬೈಲ್ ಚಟ ಬಿಡಿಸುವುದರಷ್ಟು ಸುಖದ ಕೆಲಸ ಬೇರೊಂದಿಲ್ಲ. ಸ್ವಂತ ಚಟಕ್ಕೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ಹುಡುಗರ ಫೋನು ಕಸಿದುಕೊಳ್ಳುವ ರೂಢಿಯನ್ನು ಮನೆಗೂ ತಂದಿದ್ದೆ. ಊಟಕ್ಕೆ ಕುಳಿತಾಗ, ನೆಂಟರ ಮನೆಗೆ ಹೊರಟಾಗ, ಹೆಂಡತಿ ಶಾಂತಾಳ ಫೋನು ನನ್ನ ಚೀಲ ಸೇರುತ್ತಿತ್ತು. ನನ್ನದು ಮಾತ್ರ ಕೈಯಲ್ಲೇ. ಕಾಲೇಜಿನಿಂದ ತುರ್ತು ಕರೆ ಬರಬಹುದಲ್ಲ! ಬಂದದ್ದನ್ನು ನಾನಂತೂ ಕಂಡಿಲ್ಲ.

ಮುಧೋಳದಲ್ಲಿ ಶಾಂತಾಳ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ಹುಡುಗಿಗೆ ಉಡಿ ತುಂಬಲೆಂದು ಶಾಂತಾ ತನ್ನ ತವರು ರಬಕವಿಯಲ್ಲಿ ಹೇಳಿ ನೇಯಿಸಿದ ಸೀರೆಯೂ ನನ್ನ ಚೀಲದಲ್ಲೇ ಇತ್ತು. ಬಸ್ಸು ತುಂಬಿತ್ತು. ಅವಳಿಗೆ ಮುಂದೆ ಹೆಂಗಸರ ಸೀಟು, ನನಗೆ ಹಿಂದೆ. ಕುಳಿತವನೇ ಮೊಬೈಲ್ ಹಾವಳಿಯಿಂದ ಸಂಸಾರ ಉಳಿಸಿಕೊಳ್ಳುವುದು ಹೇಗೆಂಬ ಭಾಷಣದ ವಿಡಿಯೋ ಹಚ್ಚಿದೆ. ಅದರಲ್ಲಿ ಮುಳುಗಿರುವಾಗ ಚೀಲದೊಳಗೆ ಶಾಂತಾಳ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಕಟ್ ಮಾಡಿದೆ. ಮತ್ತೆ ಬಡಿದುಕೊಂಡಿತು. ಇದಕ್ಕೇ ಇವಳ ಕೈಗೆ ಫೋನು ಕೊಡಬಾರದು ಎಂದುಕೊಂಡು ಆಫ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಭುಜ ತಟ್ಟಿದ. "ಸರ, ನಿಮ್ಮದು ಮುಧೋಳ ಟಿಕೇಟ್ ಅಲ್ರಿ? ಲೋಕಾಪುರ ಬಂತಲ್ರಿ!"

"ನಮ್ಮ ಮನಿಯವ್ರು?"

"ಅವ್ರು ಮುಧೋಳದಾಗನ ಇಳದ್ರಲ್ರಿ."

ಎದುರಿನಿಂದ ಬಂದ ಬಸ್ಸು ಹಿಡಿದು ಮುಧೋಳದ ಮನೆಗೆ ಓಡಿಬಂದೆ. ಉಡಿ ತುಂಬುವ ಸೀರೆಗೆ ಕಾಯುತ್ತ ಗಂಡಿನ ಕಡೆಯವರು ಚಹಾದ ಮೇಲೆ ಚಹಾ ಕುಡಿದು ಗಡಿಯಾರ ನೋಡುತ್ತಿದ್ದರು. ಹುಡುಗಿಯ ತಾಯಿಯ ಕಣ್ಣಲ್ಲಿ ನೀರು. ಶಾಂತಾ ಬಾಗಿಲಲ್ಲೇ ಹಿಡಿದಳು.

"ಬಸ್ ಸ್ಟ್ಯಾಂಡಿನ್ಯಾಗ ಹೂ ಮಾರಾಕಿ ಫೋನ್ ಇಸಕೊಂಡು ಹಚ್ಚಿದ್ನಿ. ನಿಮ್ಮ ನಂಬರ್ ನೆನಪಾಗಲಿಲ್ಲ, ನನ್ನ ನಂಬರಿಗೇ ಹಚ್ಚಿದ್ನಿ. ಯಾಕ ಕಟ್ ಮಾಡಿದ್ರಿ?"

"ಗುರುತಿಲ್ಲದ ನಂಬರ್ ಇತ್ತು…"

"ಗುರುತಿನ ಹೆಂಡ್ತಿ ಇಳದದ್ದು ಕಾಣಲಿಲ್ಲ, ಗುರುತಿಲ್ಲದ ನಂಬರ್ ಕಾಣ್ತು!"

ಗಂಡಿನ ತಂದೆಯೇ ಮೊದಲು ನಕ್ಕರು. ಬಿಗಿದುಕೊಂಡಿದ್ದ ಮನೆಯೆಲ್ಲ ಸಡಿಲಾಯಿತು. ಹುಡುಗಿ ಸೀರೆ ಇಸಿದುಕೊಂಡು, "ಭಾಳ ಛಲೋ ಐತಿ ದೊಡ್ಡಪ್ಪ, ಲೋಕಾಪುರಾನೂ ನೋಡಿ ಬಂದೈತಿ" ಎಂದಳು.

ಸಂಜೆ ಮರಳುವಾಗ ಎರಡೂ ಫೋನುಗಳು ಶಾಂತಾಳ ವಶದಲ್ಲಿದ್ದವು. ಅಷ್ಟರಲ್ಲೇ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದಿತ್ತು; ಶಾಂತಾ ನನಗೂ ಹಚ್ಚಿ ತೋರಿಸಿದಳು. ಹುಡುಗಿಯ ತಂದೆ, ಅಂದರೆ ನನ್ನ ಷಡ್ಡಕ, ಕತ್ತು ಬಗ್ಗಿಸಿ, ಅಂಗೈ ನೋಡುತ್ತ, ಊರು ದಾಟಿಹೋದ ನನ್ನನ್ನು ನಟಿಸಿ ತೋರಿಸಿದ್ದ. ಸಿಟ್ಟು ಬಂತು. ಆದರೆ ಆ ಕತ್ತು ನನ್ನದೇ, ಸಂಶಯವಿಲ್ಲ.

"ಇನ್ನೊಮ್ಮೆ ಹಚ್ಚು" ಎಂದೆ.

ಬೇರೆಯವರಿಂದ ಹೋಗುವ ಮೊದಲೇ ನಮ್ಮ ಕಾಲೇಜಿನವರಿಗೆ ತಲುಪಲಿ ಎಂದು, ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿ ಅವಳಿಂದ ನನ್ನ ಫೋನು ಇಸಿದುಕೊಂಡು ನಾನೇ ಕಳುಹಿಸಿದೆ. ಎಷ್ಟು ಮಂದಿ ನೋಡಿದರೆಂದು ಮನೆ ಮುಟ್ಟುವವರೆಗೂ ನೋಡುತ್ತಲೇ ಇದ್ದೆ.